ಜೋಗೇಶ್ವರಿಯಿಂದ ಬಿದ್ದ ಅಕ್ಕಿಕಾಳು

ರೈಲ್ವೆಯಲ್ಲಿ ಟೈಮ್ ಟೇಬಲ್ ನೋಡಿಕೊಂಡೇ ಜೀವ ಸವೆಸಿದವನಿಗೆ ಮದುವೆಯ ಉಸ್ತುವಾರಿ ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ದಾದರಿನ ಆ ಹಾಲ್‌ನಲ್ಲಿ ಬೀಗರ ಚಹಾದಿಂದ ಹಿಡಿದು ಭಟ್ಟರ ಎಲೆ ಅಡಿಕೆಯವರೆಗೆ ಎಲ್ಲಕ್ಕೂ ನಾನು ಹೊತ್ತು ಗೊತ್ತು ಮಾಡಿದ್ದೆ.

ಮದುಮಗಳು ನನ್ನ ಅಕ್ಕನ ಮೊಮ್ಮಗಳು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದ್ದು ಅಕ್ಕನೇ. ಆ ಅಕ್ಕನೇ ಸೊಂಟ ಮುರಿದುಕೊಂಡು, ಜೋಗೇಶ್ವರಿಯ ಲಿಫ್ಟ್ ಇಲ್ಲದ ಬಿಲ್ಡಿಂಗಿನಲ್ಲಿ ಮೂರನೇ ಮಾಳಿಗೆಯಲ್ಲಿ ಮಲಗಿದ್ದಳು.

“ಲೈವ್ ಆದ್ರೂ ಹಾಕಸೋ ತಮ್ಮಾ. ಟೀವಿಗೇ ಅಕ್ಕಿಕಾಳು ಹಾಕಿ ಆಶೀರ್ವಾದ ಮಾಡತೀನಿ. ಆದ್ರ ಎಲ್ಲಾರದೂ ಬೀಳೂವಾಗನ ನಂದೂ ಬೀಳಬೇಕು ನೋಡು.”

ಬೆಳಿಗ್ಗೆ ಕ್ಯಾಮೆರಾ ಮುಂದೆ ನಿಂತು ಕೈ ಬೀಸಿ, ಫೋನಿನಲ್ಲಿ “ಕಾಣಸ್ತದೇನು?” ಎಂದೆ.

“ಕಾಣಸ್ತದ. ಮೂಗು ತುರಿಸ್ಕೋಳಿಕತ್ತೀಯಲ್ಲ!”

ಮೂಗಿನ ತುರಿಕೆ ಮುಗಿದು ಎಷ್ಟೋ ಹೊತ್ತಾಗಿತ್ತು. ವಿಡಿಯೊದವನು ನಕ್ಕ. “ಅಂಕಲ್, ಲೈವ್ ಮೇ ಆಧಾ ಮಿನಿಟ್ ತೋ ಲೇಟ್ ಹೋತಾ ಹೀ ಹೈ.”

ಅರ್ಧ ನಿಮಿಷ! ಅಷ್ಟರಲ್ಲಿ ಲೋಕಲ್ ಒಂದು ಸ್ಟೇಷನ್ನಿನ ಜನವನ್ನೆಲ್ಲ ನುಂಗಿ ಹೊರಟಿರುತ್ತದೆ. ಪಕ್ಕದಲ್ಲಿ ಫೋಟೊಕ್ಕೆ ನಿಂತಿದ್ದ ಮದುಮಗಳೂ ಕೇಳಿಸಿಕೊಂಡಳು. ಸರಿ, ಟೀವಿಯನ್ನು ನಂಬದೆ ಫೋನಿನಲ್ಲೇ ಹಸಿರು ನಿಶಾನೆ ಕೊಡುವುದೆಂದು ತೀರ್ಮಾನಿಸಿದೆ.

ಮಂಗಳಾಷ್ಟಕ ಮುಗಿದು ಅಂತರಪಟ ಸರಿಯಿತು. “ಅಕ್ಕಾ, ಹಾಕು!” ಎಂದು ಫೋನಿಗೆ ಕೂಗಿದೆ.

“ಏನ್ ಹಾಕಲೋ? ನಡುವ ಪರದೆ ಹಂಗ ಅದ!”

“ಟೀವಿ ನೋಡಬ್ಯಾಡ, ನನ್ನ ಮಾತ್ ಕೇಳು!”

“ಸಣ್ಣಾಂವ ಇದ್ದಾಗಿಂದ ನಿಂದಿದ ಗಡಿಬಿಡಿ. ಪರದೆ ಸರೀಲಾರದ ಹಾಕಿದ್ರ ಯಾರ ತಲೀ ಮ್ಯಾಲೆ ಬೀಳ್ತಾವು?”

ಇಷ್ಟರಲ್ಲಿ ಹಾಲ್‌ನ ಅಕ್ಕಿಕಾಳೆಲ್ಲ ಬಿದ್ದು ಮುಗಿಯಿತು. ನನ್ನ ಲೆಕ್ಕಾಚಾರ ಮಣ್ಣುಪಾಲು. ಭಟ್ಟರು “ಮಾಲೆ, ಮಾಲೆ” ಎಂದು ಅವಸರಪಡಿಸಿದರು. ಮದುಮಗಳು ಮಾತ್ರ ಮಾಲೆ ಹಿಡಿದು, ತಲೆ ಬಗ್ಗಿಸಿ ನಿಂತೇ ಇದ್ದಳು.

“ಅಜ್ಜಾ, ರುಕೋ. ಅಜ್ಜೀದು ಇನ್ನೂ ಬಂದಿಲ್ಲ.”

ಭಟ್ಟರು ಗಡಿಯಾರ ನೋಡಿ ನನ್ನನ್ನು ನೋಡಿದರು. ಹೊತ್ತು ಮೀರಕೂಡದೆಂದು ಬೆಳಿಗ್ಗೆ ಅವರಿಗೆ ತಾಕೀತು ಮಾಡಿದವನು ನಾನೇ.

“ತಡೀರಿ ಭಟ್ರ, ಗಾಡಿ ಇನ್ನೂ ಸಿಗ್ನಲ್‌ನಾಗ ಅದ,” ಎಂದೆ.

ಸ್ಪೀಕರ್ ಹಾಕಿ ಫೋನನ್ನು ಮದುಮಗಳತ್ತ ಹಿಡಿದೆ. ಆಮೇಲೆ ಫೋನಿನಲ್ಲಿ ಟೀವಿಯ ಮೇಲೆ ಕಾಳು ಉದುರಿದ ಸದ್ದು. “ಬಿತ್ತು ನೋಡು! ಎಲ್ಲಾರ ಜೋಡೀನ ಬಿತ್ತು!”

ಮದುಮಗಳು ತಲೆ ಎತ್ತಿ ಮಾಲೆ ಹಾಕಿದಳು. ಜನ ಊಟಕ್ಕೆ ಏಳುವಷ್ಟರಲ್ಲಿ ಫೋನು ಮತ್ತೆ ಗದರಿಸಿತು:

“ಅಯ್ಯ, ಹುಡುಗಿ ಯಾಕ ಸುಮ್ಮನ ನಿಂತಾಳ? ಮಾಲೀ ಹಾಕಂತ ಹೇಳೋ!”