ಮುಬಶೀರಾ ಬಿಚ್ಚಿದ ಹಾಸು

ಇಳಕಲ್ಲಿನ ನೇಕಾರರ ಸಂಘದಲ್ಲಿ ಕಂಪ್ಯೂಟರ್ ಕೆಲಸವೆಲ್ಲ ಮುಬಶೀರಾಳದು. ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗದ ಮನೆಗೇ ಸೊಸೆಯಾದವಳು. ಮಗ್ಗ ಖಾಲಿ ನಿಲ್ಲಬಾರದು ಎಂಬುದು ಅತ್ತೆ ಅಲೀಮಾ ಹಾಕಿಕೊಟ್ಟ ರೂಢಿ.

ಸಂಘಕ್ಕೆ ಬಾದಾಮಿಯಲ್ಲಿ, ಹುನಗುಂದದಲ್ಲಿ ಸೀರೆ ಅಂಗಡಿಗಳಿವೆ. ಅಲ್ಲಿನ ಬಿಲ್ಲಿನ ಯಂತ್ರಗಳನ್ನು ಇಳಕಲ್ಲಿನ ಕಂಪ್ಯೂಟರು ನಂಬಬೇಕಾದರೆ ಒಂದೊಂದಕ್ಕೂ ಡಿಜಿಟಲ್ ಪ್ರಮಾಣಪತ್ರ ಬೇಕು. ಅವನ್ನು ಕೊಡಲೆಂದೇ ಮುಬಶೀರಾ ಕ್ಲೌಡಿನಲ್ಲಿ ಸಂಘದ ಸ್ವಂತ ಪ್ರಾಧಿಕಾರವೊಂದನ್ನು ಹೂಡಿದ್ದಳು. ಆ ಪ್ರಾಧಿಕಾರಕ್ಕೇ ಮೊದಲು ಬಾಗಲಕೋಟೆಯ ಮುಖ್ಯ ಕಚೇರಿಯ ಸಹಿ ಬೀಳಬೇಕು; ಅದರೊಳಗಿನ ಗುಪ್ತ ಕೀಲಿಗೆ ಹೊಂದುವ ಕೋರಿಕೆ ಮೊದಲೇ ಹೋಗಿತ್ತು. ಹಳೆಯ ಪತ್ರಗಳ ಅವಧಿ ಅಂದು ಬೆಳಿಗ್ಗೆಯೇ ಮುಗಿದು, ಎರಡೂ ಅಂಗಡಿಗಳಲ್ಲಿ ಬಿಲ್ಲು ನಿಂತಿತ್ತು. ಈ ಕೆಲಸ ಅವಳ ಕೈಗೆ ಬೇಡ ಎಂದಿದ್ದ ಸಂಘದ ಕೆಲವರು ಕಚೇರಿಯ ಬಾಗಿಲಲ್ಲೇ ಅಡ್ಡಾಡುತ್ತಿದ್ದರು.

ಬಾಗಲಕೋಟೆಯ ಕಚೇರಿಯಲ್ಲಿ ಸಹಿಯ ಕೆಲಸ ನೋಡುವ ಸಿದ್ದಾರ್ಥ ಫೋನ್ ಮಾಡಿದ. "ಅಕ್ಕಾರ, ಸಹಿ ಮಾಡಿ ಕಳಿಸೇನ್ರಿ. ಒಳಗ ತಗೋರಿ."

ಹಾಕಿದಳು. ಒಳಗಿನ ಕೀಲಿಗೆ ಪತ್ರ ಹೊಂದುವುದಿಲ್ಲ ಎಂದು ಕಂಪ್ಯೂಟರು ತಿರಸ್ಕರಿಸಿತು. ಮತ್ತೆ ಹಾಕಿದಳು. ಅದೇ ಉತ್ತರ.

ಆಗ ಅವಳಿಗೆ ನೆನಪಾಯಿತು. ಹಿಂದಿನ ದಿನ ಪ್ರಾಧಿಕಾರ 'ಪ್ರಮಾಣಪತ್ರಕ್ಕೆ ಕಾಯುತ್ತಿದೆ' ಎಂದು ನಿಂತದ್ದನ್ನು ನೋಡಿ, ಖಾಲಿ ಮಗ್ಗ ಕಂಡಂತಾಗಿ, ಅದನ್ನು ಅಳಿಸಿ ಹೊಸದು ಹೂಡಿದ್ದಳು. ಹೆಸರು ಅದೇ, ಒಳಗಿನ ಕೀಲಿ ಬೇರೆ. ಸಹಿ ಬಂದದ್ದು ಅಳಿಸಿದ್ದಕ್ಕೆ. ಇಳಕಲ್ ಸೀರೆಗೆ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನವು ಬೇರೆ; ಎರಡನ್ನೂ ಮಗ್ಗದ ಮೇಲೆ ಕೂಡಿಸುತ್ತಾರೆ. ಒಡಲಿನ ಹಾಸು ಬಿಚ್ಚಿ ಬೇರೆ ಹಾಕಿದರೆ, ಮೊದಲಿನ ಲೆಕ್ಕಕ್ಕೆ ಮಾಡಿಸಿದ ಸೆರಗಿನ ಎಳೆಗಳು ಅದಕ್ಕೆ ಕೂಡುತ್ತವೆಯೇ?

ಬಾಗಿಲಲ್ಲಿ ನಿಂತವರಿಗೂ ಕೇಳುವಂತೆಯೇ ಫೋನಿನಲ್ಲಿ ಹೇಳಿದಳು. "ತಪ್ಪ ನಂದೋ ತಮ್ಮಾ. ಹಳೇದನ್ನ ನಾನ ಅಳಿಸೇನಿ."

"ಯಾಕ್ರಿ?"

"ಸುಮ್ಮ ನಿಂತಿತ್ತು. ನೋಡಾಕ ಆಗಲಿಲ್ಲ."

ಸಿದ್ದಾರ್ಥ ನಕ್ಕ. "ಸುಮ್ಮ ನಿಂತಿದ್ದಿಲ್ರಿ, ನನ್ನ ದಾರಿ ಕಾಯಾಕತ್ತಿತ್ತು! ಹೊಸಾದಕ್ಕ ಸಹಿ ಹಾಕಬೇಕಂದ್ರ ಒಪ್ಪಿಗಿ ಕೊಡೋ ಸಾಹೇಬ್ರು ಊರಾಗಿಲ್ಲ. ಅಂಜಬ್ಯಾಡ್ರಿ, ಅಳಿಸಿದ್ದನ್ನ ಕ್ಲೌಡಿನವರು ಸ್ವಲ್ಪ ದಿನ ತಗದಿಟ್ಟಿರ್ತಾರ. ಹುಡುಕಿ ಮರಳಿ ತರ್ರಿ."

ಸಿಕ್ಕಿತು. ಮರಳಿ ತಂದಳು. ಸಹಿಯ ಪತ್ರವನ್ನು ಈ ಸಲ ಅದು ತಕರಾರಿಲ್ಲದೆ ಒಳಗೆ ತೆಗೆದುಕೊಂಡಿತು. ಅಂಗಡಿಗಳಿಗೆ ಹೊಸ ಪತ್ರ ಹೋದ ಮೇಲೆ ಬಾದಾಮಿಯ ಅಂಗಡಿ ನೋಡಿಕೊಳ್ಳುವ ನಾಗರತ್ನಾ ಫೋನಿನಲ್ಲಿ ಕೂಗಿದಳು: "ಬಿಲ್ ಬಂತ ನೋಡಕ್ಕಾ! ಗಿರಾಕಿಗೆ ಚಾ ಕುಡಿಸಿ ಕುಡಿಸಿ ಸಾಕಾಗಿತ್ತು."

ಸಂಜೆ ಮನೆಯಲ್ಲಿ, ಸೆರಗಿನ ರೇಷ್ಮೆ ಬರದೆ ನಿಂತ ಮಗ್ಗದ ಮುಂದೆ ಅಲೀಮಾ ಚಡಪಡಿಸುತ್ತಿದ್ದರು. "ಇದನ್ನ ಬಿಚ್ಚಿ ಬ್ಯಾರೆ ಹಾಸು ಹಾಕೂಣೇನ?"

"ಬ್ಯಾಡ್ರಿ ಅತ್ತಿ. ಇರಲಿ, ಕಾಯ್ಲಿ."

"ಅಯ್ಯ, ಇವತ್ತ ಸೂರ್ಯಾ ಯಾ ಕಡೆ ಹುಟ್ಯಾನ?" ಎಂದರು ಅಲೀಮಾ. ಮುಬಶೀರಾ ನಕ್ಕು ಅವರ ಪಕ್ಕದಲ್ಲಿ ಕೈ ಕಟ್ಟಿ ಕುಳಿತಳು.