ದೇವರ ಮನೆ ಎಂಬ ಫೋಲ್ಡರ್

ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಎಲ್ಲರೂ ಕೂಗುವುದು ಉಮ್ಮೆ ಹಬೀಬಾಳನ್ನು. ಎಲ್ಲ ಸರಿಯಿದ್ದಾಗ ಅವಳ ನೆನಪು ಯಾರಿಗೂ ಬರುವುದಿಲ್ಲ. ನನಗೆ ಮೈಯೆಲ್ಲಾ ಉರಿಯುವುದು ಇದಕ್ಕೇ. ದೊಡ್ಡಬಳ್ಳಾಪುರದಾಚೆಯ ಈ ಬಟ್ಟೆ ಕಾರ್ಖಾನೆಯಲ್ಲಿ ನಾನು ಲೆಕ್ಕಪತ್ರ ನೋಡುತ್ತೇನೆ, ಅವಳು ಕಂಪ್ಯೂಟರ್ ನೋಡುತ್ತಾಳೆ. ಇಬ್ಬರದೂ ಅಕ್ಕಪಕ್ಕದ ಮೇಜು. ಅವಳ ಅಪ್ಪ ಮಸ್ತಾನ್ ಸಾಬರದು ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಅಂಗಡಿ. ಅಲ್ಲಿ ಕೂತು ಬೆಳೆದವಳಾದ್ದರಿಂದ ಎದುರಿಗಿರುವವರಿಗೆ ತಿಳಿಯುವ ಮಾತಿನಲ್ಲೇ ವಿಷಯ ದಾಟಿಸುವ ಅಭ್ಯಾಸ.

ಅವಳ ಕೆಲಸ ಮಾತ್ರ ಇನ್ನೂ ಖಾಯಂ ಆಗಿರಲಿಲ್ಲ. ಅದನ್ನು ಹೊರಗಿನ ಯಾವುದೋ ಕಂಪನಿಗೆ ಒಪ್ಪಿಸಿಬಿಡೋಣವೇ ಎಂದು ಬೆಂಗಳೂರಿನ ಹೆಡ್ಡಾಫೀಸಿನ ಅನಿಲ್‌ಕುಮಾರ್ ತೂಗುತ್ತಿದ್ದರು.

ಈ ನಡುವೆ ಮ್ಯಾಕ್ರೋ ಗಲಾಟೆ ಶುರುವಾಯಿತು. ಮ್ಯಾಕ್ರೋ ಎಂದರೆ ಫೈಲಿನೊಳಗೇ ಕೂತು ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಮ್. ನಮ್ಮ ಹಾಜರಿ ಶೀಟು ನಡೆಯುವುದೇ ಅದರಿಂದ. ಕಳ್ಳರು ಬರೆದದ್ದಾದರೆ ಅದೇ ಮ್ಯಾಕ್ರೋ ಕಂಪ್ಯೂಟರನ್ನೇ ನುಂಗಿಹಾಕುತ್ತದೆ. ಹಬೀಬಾ ಎಲ್ಲ ಕಂಪ್ಯೂಟರುಗಳಲ್ಲೂ ಮ್ಯಾಕ್ರೋಗಳನ್ನು ಬಂದ್ ಮಾಡಿದಳು. ಹಾಜರಿ ಶೀಟೂ ನಿಂತಿತು, ಆಫೀಸೆಲ್ಲ ಅವಳ ಮೇಲೆ ಬಿತ್ತು. ಕೊನೆಗೆ ಒಂದೇ ಒಂದು ಫೋಲ್ಡರಿನೊಳಗೆ ಮಾತ್ರ ಮ್ಯಾಕ್ರೋ ನಡೆಯುವಂತೆ ವಿನಾಯಿತಿ ಕೊಟ್ಟು, ಹಾಜರಿ ಶೀಟನ್ನು ಅಲ್ಲಿಟ್ಟು, ಎಲ್ಲರನ್ನೂ ಕೂರಿಸಿ ಹೇಳಿದಳು:

"ಈ ಫೋಲ್ಡರ್ ನಿಮ್ಮನೆ ದೇವರ ಮನೆ ಇದ್ದಂಗೆ. ಶುದ್ಧವಾಗಿರೋದು ಮಾತ್ರ ಒಳಗಡೆ."

ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವರು ಖರೀದಿ ವಿಭಾಗದ ಹಿರಿಯರಾದ ಗೋಪಾಲಪ್ಪ.

ಯಡವಟ್ಟಾದದ್ದು ಅಲ್ಲೇ. ಮದುವೆ ಕಾರ್ಡಿರಲಿ, ಸ್ಕೂಟರ್ ಕೀ ಇರಲಿ, ಮೊಮ್ಮಗಳ ಮಾರ್ಕ್ಸ್ ಕಾರ್ಡಿರಲಿ, ಹೊಸದಾಗಿ ಬಂದದ್ದೆಲ್ಲ ಗೋಪಾಲಪ್ಪನವರ ಮನೆಯಲ್ಲಿ ಮೊದಲು ಹೋಗುವುದು ದೇವರ ಮುಂದಕ್ಕೆ. ನಮ್ಮನೆಯಲ್ಲೂ ಹಾಗೇ ಅನ್ನಿ. ಯಾರೋ ಅಪರಿಚಿತರು ಬಿಲ್ಲೆಂದು ಮೇಲ್ ಮಾಡಿದ ಫೈಲನ್ನು ಅವರು ಭಕ್ತಿಯಿಂದ ಆ ಫೋಲ್ಡರಿನಲ್ಲಿಟ್ಟು, ಆಮೇಲೆ ತೆರೆದರು. ಮೂರು ಕಂಪ್ಯೂಟರುಗಳ ಫೈಲುಗಳೆಲ್ಲ ಕಲಸುಮೇಲೋಗರ! ಹಬೀಬಾ ಓಡಿಹೋಗಿ ನೆಟ್‌ವರ್ಕ್ ವೈರು ಕಿತ್ತು ಉಳಿದವನ್ನು ಕಾಪಾಡಿದಳು. ಬೇರೆ ಕಡೆ ಪ್ರತಿ ಇಟ್ಟಿದ್ದರಿಂದ ಹಾಳಾದದ್ದೂ ವಾಪಸ್ ಬಂತು.

"ದೇವ್ರ ಮುಂದೆ ಇಕ್ಕದೆ ಹೊಸದನ್ನ ಹೆಂಗಮ್ಮ ತೆಗೆಯೋದು?" ಎಂದರು ಗೋಪಾಲಪ್ಪ, ಮುಖ ಸಪ್ಪಗೆ ಮಾಡಿಕೊಂಡು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಬೀಬಾ ನಗಲಿಲ್ಲ. ಅನಿಲ್‌ಕುಮಾರ್ ಆಗಲೇ ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದರು: ಈ ತಿಂಗಳೊಳಗೆ ಯಾವತ್ತಾದರೂ ಪರೀಕ್ಷೆಗೆಂದು ಒಂದು ಸುಳ್ಳು ಫೈಲ್ ಕಳಿಸುತ್ತೇನೆ, ಒಬ್ಬರು ತೆರೆದರೂ ನಿಮ್ಮ ಕೆಲಸ ಹೊರಗಿನವರಿಗೆ.

ಆ ಫೋಲ್ಡರಿನೊಳಗೆ ತಾನು ಬಿಟ್ಟು ಬೇರೆ ಯಾರೂ ಏನನ್ನೂ ಇಡದಂತೆ ಅವಳು ಬೀಗ ಹಾಕಿದಳು. ಆದರೆ ಜನರ ಬೆರಳಿಗೆ ಬೀಗ ಹಾಕಲಾದೀತೆ? "ತಪ್ಪು ಅವರದಲ್ಲ ವಾಣಿ, ನಾನೇ ತಪ್ಪು ಮಾತು ಆರಿಸ್ಕೊಂಡೆ," ಎಂದು ನನಗೆ ಹೇಳಿ ಎರಡು ದಿನ ಪೆಚ್ಚಾಗಿ ಕೂತಿದ್ದಳು. ಆಮೇಲೆ ಮತ್ತೆ ಎಲ್ಲರನ್ನೂ ಕರೆದಳು.

"ಗೊತ್ತಿಲ್ಲದ ಕಡೆಯಿಂದ ಫೈಲ್ ಬಂದ್ರೆ, ಹೆಣ್ಣು ಕೇಳೋಕೆ ಗಂಡಿನ ಕಡೆಯೋರು ಬಂದವ್ರೆ ಅನ್ಕೊಳ್ಳಿ. ವಿಚಾರಿಸ್ದೆ ಕೊಟ್ಬಿಡ್ತೀರಾ?"

"ಎಲ್ಲಾದ್ರೂ ಉಂಟಾ!" ಎಂದು ಗೋಪಾಲಪ್ಪ ನೆಟ್ಟಗೆ ಕೂತರು. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವರು.

ಒಂದು ಸೋಮವಾರ ಹಬೀಬಾಳ ಮೇಜಿನ ಫೋನ್ ರಿಂಗಾಯಿತು. ಅನಿಲ್‌ಕುಮಾರ್! ನನಗೂ ಕೇಳಲೆಂದು ಅವಳು ಸ್ಪೀಕರ್ ಒತ್ತಿದಳು.

"ರೀ, ಆ ಫೈಲ್ ಕಳಿಸಿದ್ದು ನಾನೇ. ಮೇಲ್ ಕೆಳಗಡೆ ನನ್ನ ನಂಬರ್ ಹಾಕಿದ್ದೇ ತಪ್ಪಾಯ್ತು. ನಿಮ್ಮ ಗೋಪಾಲಪ್ಪ ಯಾವೂರು, ಯಾರ ಮಗ, ತಾತನ ಹೆಸರೇನು ಅಂತ ಪ್ರಾಣ ತಿಂತಿದಾರೆ. ಬೂದಿಗೆರೇಲಿ ನೆಂಟರು ಯಾರಿದಾರೆ ಅಂತ ಬೇರೆ! ಇನ್ನೊಂದು ಫೋನಲ್ಲಿ ಇನ್ನೂ ಲೈನಲ್ಲೇ ಇದಾರೆ ಕಣ್ರೀ."

"ಸಾರ್... ಯಾರಾದ್ರೂ ಫೈಲ್ ತೆಗೆದ್ರಾ?"

"ಎಲ್ಲಿ ತೆಗೀತಾರೆ! ಒಬ್ಬರೂ ಮುಟ್ಟಿಲ್ಲ. ನಿಮ್ಮ ಖಾಯಂ ಆರ್ಡರ್ ಕಳಿಸ್ತೀನಿ, ಮೊದಲು ಅವರನ್ನ ಸುಮ್ಮನಾಗಿಸಿ."

ಹಬೀಬಾ ಫೋನ್ ಇಟ್ಟು, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತಳು. ಆಚೆ ಮೇಜಿನಿಂದ ಗೋಪಾಲಪ್ಪ ಅದನ್ನು ನೋಡಿ ಗಾಬರಿಯಾಗಿ, ಫೋನಿಗೆ ಅಂಗೈ ಅಡ್ಡ ಹಿಡಿದು ಕೂಗಿದರು:

"ಅಳಬ್ಯಾಡ ಕಣವ್ವ, ಇವನು ತಾತನ ಹೆಸರು ಹೇಳಾಕೂ ತಡವರಿಸ್ತಾವ್ನೆ. ನಾನಂತೂ ಕೊಡಾಕಿಲ್ಲ!"