ಹೆಬ್ಬೆರಳಿಗೆ ಉಡಿಸಿದ ಪಂಚೆ

ನಲವತ್ತು ಸಾವಿರದ ಗೇಟು. ಮರುದಿನ ಮಾಲೂರಿನಲ್ಲಿ ಗೃಹಪ್ರವೇಶ. ಸಂಜೆಯೊಳಗೆ ನಿಲ್ಲಿಸದಿದ್ದರೆ ಬೇಡವೇ ಬೇಡ ಎಂದಿದ್ದರು ಆ ಮನೆಯವರು. ವೇಮಗಲ್‌ನ ನನ್ನ ವರ್ಕ್‌ಶಾಪಿನಲ್ಲಿ ಕೂರಲಾಗದೆ ಓಡಾಡುತ್ತಿದ್ದೆ. ಅಷ್ಟರಲ್ಲಿ ತಗಡಿನ ಅಂಚು ತಾಗಿ ವೆಲ್ಡರ್ ವೆಂಕಟೇಶಪ್ಪನ ಹೆಬ್ಬೆರಳು ಕೊಯ್ದು ರಕ್ತ ಬಂತು. ಅವನು ಕಾಫಿಪುಡಿ ಡಬ್ಬಿಗೆ ಕೈ ಹಾಕಿದ.

"ಪುಡಿ ಮೆತ್ತಬೇಡ ಕಣಯ್ಯ, ಕೀವಾಗುತ್ತೆ. ಮೊದಲು ನೀರಲ್ಲಿ ತೊಳಿ," ಎಂದೆ.

ಅಲ್ಲಿದ್ದ ಬಟ್ಟೆಗಳೆಲ್ಲ ಗ್ರೀಸು. ಗೃಹಪ್ರವೇಶದ ಮುಯ್ಯಿಗೆಂದು ನಾನು ತಂದಿದ್ದ ಹೊಸ ಪಂಚೆಯನ್ನೇ ಹರಿದು, ರಕ್ತ ನಿಲ್ಲುವವರೆಗೆ ಒತ್ತಿಹಿಡಿದು ಕಟ್ಟಿದೆ.

"ನನ್ನ ಮೇಲೆ ಇಷ್ಟು ಪ್ರೀತಿನಾ ಸಾವ್ಕಾರ್ರೇ?"

"ಗೇಟಿನ ಮೇಲೆ ಕಣಯ್ಯ. ಬೇಗ ಏಳು."

ಉಳಿದ ಅರ್ಧ ಪಂಚೆಯನ್ನು ಅವನೇ ಹೆಗಲಿಗೇರಿಸಿಕೊಂಡ. ಗೇಟು ಹೊತ್ತಿಗೆ ಸರಿಯಾಗಿ ನಿಂತಿತು. ಗೃಹಪ್ರವೇಶದಲ್ಲಿ ಆ ಮನೆಗೆ ದುಡಿದ ಕೆಲಸಗಾರರಿಗೆಲ್ಲ ಪಂಚೆ ಕೊಟ್ಟರು. ಕೊನೆಗೆ ಲೆಕ್ಕ ಇಷ್ಟು: ನನಗೆ ಗೇಟಿನ ದುಡ್ಡು, ಬರಿಗೈಲಿ ಹೋಗಿ ಉಂಡ ಊಟ, ವೆಂಕಟೇಶಪ್ಪನಿಗೆ ಒಂದೂವರೆ ಪಂಚೆ.